ಏಡಾಳ ಚಿಪ್ಸ್ ಅಂಗಡಿ

ಲಂಡನ್ನಿನ ಕಿಂಗ್ಸ್‌ಬರಿಯ ಕಿರಾಣಿ ಅಂಗಡಿಯೊಂದರಲ್ಲಿ ಅವಲಕ್ಕಿಗೂ ಊದಿನಕಡ್ಡಿಗೂ ನಡುವೆ ಕುಳ್ಳು ಮಾರಲಿಕ್ಕೆ ಇಟ್ಟಿದ್ದಾರೆ. ಕುಳ್ಳು ಅಂದರೆ ಕುಳ್ಳೇ. ಬೆರಣಿ ಅನ್ನುವವರು ಬೆರಣಿ ಅನ್ನಿ. ದನದ ಸೆಗಣಿ ತಟ್ಟಿ ಬಿಸಿಲಿಗೆ ಒಣಗಿಸಿದ್ದು. ಬಿಸ್ಕತ್ತಿನಷ್ಟು ದುಂಡಗೆ, ಎಲ್ಲವೂ ಒಂದೇ ಅಳತೆ, ಪ್ಲಾಸ್ಟಿಕ್ ಹೊದ್ದು ಶಿಸ್ತಾಗಿ ಕೂತಿವೆ. ಮೇಲೆ ದಪ್ಪ ಅಕ್ಷರದ ಚೀಟಿ: ಪೂಜೆಗೆ ಮಾತ್ರ, ತಿನ್ನಬಾರದು. ಯಾರೋ ಚಹದಲ್ಲಿ ಅದ್ದಿರಬೇಕು. ಇಲ್ಲದಿದ್ದರೆ ಇಂಥ ಚೀಟಿ ಹುಟ್ಟುವುದಿಲ್ಲ.

ನಾನು ಹೋಗಿದ್ದು ಜೋಳದ ಹಿಟ್ಟಿಗೆ. ಕ್ರೋಯ್ಡನ್ನಿನಲ್ಲೂ ಸಿಗುತ್ತದೆ, ಆದರೆ ಅದಕ್ಕೆ ಜಿಗಿ ಇಲ್ಲವೆಂದು ನಮ್ಮ ಆಯಿಯ ತೀರ್ಪು. ಆಯಿ ಅಂದರೆ ಅಪ್ಪನ ಅವ್ವ. ವಿಜಯಪುರ ಜಿಲ್ಲೆ, ಸಿಂದಗಿ ಕಡೆಯವಳು. ಹಾಗಾಗಿ ರೊಟ್ಟಿ ಹರಿಯಬಾರದೆಂದು ಮೊಮ್ಮಗ ಲಂಡನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತಾನೆ. ಹಿಟ್ಟಿನ ಜೊತೆ ಒಂದು ಪೊಟ್ಟಣ ಕುಳ್ಳನ್ನೂ ಕೌಂಟರಿನ ಮೇಲಿಟ್ಟೆ.

"ಮನೆಯಲ್ಲಿ ಹೋಮವಾ?" ಅಂದರು ಅಂಗಡಿಯಾಕೆ.

"ಇಲ್ಲ, ಕೆಳಗಿನ ಫ್ಲ್ಯಾಟಿನ ಇಂಗ್ಲಿಷ್ ಅಜ್ಜಿಯ ಶೋಕೇಸಿಗೆ" ಅಂದೆ.

ಆಕೆ ನಕ್ಕರು. ನಾನು ಸುಳ್ಳು ಹೇಳಿದಾಗ ನಂಬುವ ಜನ ನಿಜ ಹೇಳಿದಾಗ ನಗುತ್ತಾರೆ. ಅಣಕ ಮಾಡಿ ಬದುಕುವವನ ಹಣೆಬರಹ ಇದು.

ಹೌದು, ನಾನು ಅಣಕುಗಾರ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟ ದಿನ ಮೆಟ್ಟಿಲ ಬುಡದಲ್ಲಿ ನಿಂತು ಲಿಫ್ಟಿನದೇ ದನಿಯಲ್ಲಿ 'ಬಾಗಿಲುಗಳು ತೆರೆಯುತ್ತಿವೆ' ಎಂದು ಹೇಳಿ, ಸಾಮಾನು ಹೊತ್ತು ಹತ್ತುತ್ತಿದ್ದವರಿಂದ ಬೈಸಿಕೊಂಡಿದ್ದೇನೆ. ನಮ್ಮ ಜಿಪಿಯ, ಅಂದರೆ ಬಡಾವಣೆಯ ಡಾಕ್ಟರ, ರಿಸೆಪ್ಶನಿಸ್ಟ್ 'ಇವತ್ತು ಯಾವ ಅಪಾಯಿಂಟ್‌ಮೆಂಟೂ ಇಲ್ಲ' ಎನ್ನುವುದನ್ನು ಆಕೆಗಿಂತ ಚೆನ್ನಾಗಿ ಹೇಳಬಲ್ಲೆ. ಅಪ್ಪ ಆಫೀಸಿನ ಫೋನಿನಲ್ಲಿ ಮೂಗಿನಿಂದಲೂ ಊರಿನ ಫೋನಿನಲ್ಲಿ ಹೊಟ್ಟೆಯಿಂದಲೂ ಮಾತಾಡುವುದನ್ನು ಊಟದ ಹೊತ್ತಿಗೆ ಮಾಡಿ ತೋರಿಸಿ ಎದ್ದು ಓಡಿದ್ದೇನೆ. ಕನ್ನಡ ಶಾಲೆಯ ವಾರ್ಷಿಕೋತ್ಸವದಲ್ಲಿ ಬೆಂಗಳೂರಿನವರೆಲ್ಲ ನನ್ನ ಬೆಂಗಳೂರು ಕನ್ನಡಕ್ಕೆ ಚಪ್ಪಾಳೆ ತಟ್ಟಿ, ಆಮೇಲೆ ಅದು ತಮ್ಮದೇ ಎಂದು ಹೊಳೆದು ಮುಖ ಊದಿಸಿಕೊಂಡಿದ್ದಾರೆ. ನನ್ನ ಸ್ವಂತ ದನಿ ಯಾವುದು ಅಂತ ಕೇಳಬೇಡಿ. ಹಲ್ಲುಜ್ಜುವಾಗ ಕೆಮ್ಮುತ್ತೇನಲ್ಲ, ಬಹುಶಃ ಅದೊಂದೇ.

ಈ ಕಸುಬಿನ ಮೊದಲ ಬಲಿ ಆಯಿ. ನನಗೆ ಒಂಬತ್ತು ವರ್ಷವಾಗಿದ್ದಾಗ ಅವಳು ಇಲ್ಲಿಗೆ ಬಂದಳು. ಊರಲ್ಲಿ ಕುಳ್ಳು ತಟ್ಟುತ್ತಿದ್ದ ಕಥೆ ಅವಳು ಹೇಳುತ್ತಿದ್ದರೆ, ನೂರಾರು ಚಾನೆಲ್ಲಿನ ಟಿವಿ ಬಿಟ್ಟು ನಾನು ಅವಳ ಬಾಯಿ ನೋಡುತ್ತ ಕೂರುತ್ತಿದ್ದೆ. ಹೆಂಡಿಗೆ, ಅಂದರೆ ಸೆಗಣಿಗೆ, ಹೊಟ್ಟು ಕಲಸುವುದು, ಉಂಡೆ ಎತ್ತುವುದು, ಗೋಡೆಗೆ ಥಪ್ಪೆಂದು ಬಡಿಯುವುದು, ಐದು ಬೆರಳೂ ಒತ್ತಿ ಕೈ ತೆಗೆಯುವುದು. ಅವಳ ಕೈ ಗಾಳಿಯಲ್ಲಿ ಆಡುತ್ತಿದ್ದರೆ ನಮ್ಮ ಮ್ಯಾಗ್ನೋಲಿಯಾ ಎಂಬ ಕೆನೆಬಣ್ಣದ ಗೋಡೆಯ ಮೇಲೆ ಕುಳ್ಳು ಸಾಲುಸಾಲಾಗಿ ಕಾಣುತ್ತಿತ್ತು.

ಶಾಲೆಯ ಪ್ರತಿಭಾ ಪ್ರದರ್ಶನದಲ್ಲಿ ಅದನ್ನೇ ಮಾಡಿದೆ. ತಲೆಗೆ ಟವೆಲ್ಲಿನ ಸೆರಗು, ಸೊಂಟಕ್ಕೊಂದು ಕೈ, ಬಾಯಲ್ಲಿ ಥಪ್, ಥಪ್. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಆಗ ಟೀಚರ್ ಮುದ್ದಾಗಿ ಕೇಳಿದರು, "ಅಜ್ಜಿ ಏನು ಮಾಡುತ್ತಿದ್ದಾರೆ, ಪವನ್?"

ಹಾಲ್ ತುಂಬ ಮಕ್ಕಳು. ಮುಂದಿನ ಏಳು ವರ್ಷ ಅವರ ಜೊತೆಯೇ ಕಳೆಯಬೇಕಿತ್ತು. ನಾನು ಅಂದೆ, "ಪಿಜ್ಜಾ."

ಅಮ್ಮನಿಗೆ ಕೆಲಸವಿತ್ತು. ಆ ದಿನ ಪ್ರೇಕ್ಷಕರಲ್ಲಿ ಕೂತಿದ್ದವಳು ಆಯಿಯೇ, ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ. ಮನೆಗೆ ಬರುವಾಗ ಟ್ರಾಮಿನಲ್ಲಿ ನನ್ನ ತಲೆ ನೇವರಿಸಿದಳು. "ಭಾಳ ಛಲೋ ಮಾಡಿದಿ ಪವ್ಯಾ. ನನಗಿಂತ ಛಲೋ ತಟ್ಟಿದಿ." ಎರಡು ನಿಲ್ದಾಣ ದಾಟಿದವು. ಆಮೇಲೆ, "ಕಡೀಕ ಪಿಜ್ಜಾ ಅಂತ ಯಾಕ ಅಂದಿ?"

ಇಂಗ್ಲಿಷ್ ಬಾರದವಳಿಗೆ ಆ ಇಡೀ ಸಂಜೆಯಲ್ಲಿ ಅರ್ಥವಾಗಿದ್ದು ಆ ಒಂದೇ ಶಬ್ದ. ನಾನು ಟ್ರಾಮಿನ ಪ್ರಕಟಣೆಯ ದನಿಯಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳಿ ತಪ್ಪಿಸಿಕೊಂಡೆ.

ಇನ್ನು ಕೆಳಗಿನ ಫ್ಲ್ಯಾಟಿನ ಡೋರೀನ್. ಎಂಬತ್ತು ದಾಟಿದೆ. ಕ್ರೋಯ್ಡನ್ನಿನಲ್ಲೇ ಹುಟ್ಟಿ ಬೆಳೆದವರು. ಹತ್ತು ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ ಮೇಲೆ ಬಂದು ಆಯಿಯ ಜೊತೆ ಚಹ ಕುಡಿಯುತ್ತಾರೆ. ಇವರಿಗೆ ಕನ್ನಡ ಬಾರದು, ಅವಳಿಗೆ ಇಂಗ್ಲಿಷ್ ಬಾರದು. ನಡುವೆ ದುಭಾಷಿ ನಾನು. ಡೋರೀನ್ 'ಇವತ್ತು ಮೋಡ' ಅಂದರೆ 'ನಿನ್ನ ಸೀರಿ ಭಾಳ ಛಂದೈತಂತ' ಎನ್ನುತ್ತೇನೆ. ಆಯಿ 'ಈಕಿ ಸಕ್ರಿ ಭಾಳ ಹಾಕ್ಕೋತಾಳ' ಅಂದರೆ 'ನಿಮ್ಮನ್ನು ನೋಡಿದರೆ ತಂಗಿಯನ್ನು ನೋಡಿದ ಹಾಗಾಗುತ್ತದಂತೆ' ಎನ್ನುತ್ತೇನೆ. ಈ ಗೆಳೆತನ ಇಷ್ಟು ಗಟ್ಟಿಯಾಗಿರುವುದು ನನ್ನ ಸುಳ್ಳುಗಳಿಂದ. ಆಯಿ ಅವರನ್ನು 'ದೊರಿಸಾನಿ' ಅನ್ನುತ್ತಾಳೆ. ಅದು ತಮ್ಮ ಹೆಸರಿನ ಕನ್ನಡ ರೂಪವೆಂದು ಡೋರೀನ್ ತಿಳಿದಿದ್ದಾರೆ. ಬಿಳಿ ಹೆಂಗಸರಿಗೆಲ್ಲ ನಮ್ಮ ಕಡೆ ಹಾಗೇ ಅನ್ನುತ್ತಾರೆಂದು ನಾನಂತೂ ಹೇಳಿಲ್ಲ.

ಒಂದು ಮಾತು. ಮುಂದೆ ಡೋರೀನ್ ಮೈಸೂರು ಕಡೆಯ ಕನ್ನಡ ಮಾತಾಡುತ್ತಾರೆ. ಅವರು ಆಡಿದ್ದು ಇಂಗ್ಲಿಷ್. ಮೈಸೂರು ಕೊಟ್ಟವನು ನಾನು. ಕೆನಡಾದ ಸಸ್ಕ್ಯಾಚೆವಾನಿನಿಂದ ಗಾರ್ಡನ್ ಎಂಬೊಬ್ಬರು ಬರುತ್ತಾರೆ. ಅವರಿಗೆ ಸಭೆಯ ಅಧ್ಯಕ್ಷರ ಕನ್ನಡ ಕೊಟ್ಟಿದ್ದೇನೆ. ತಕರಾರಿದ್ದರೆ ಇಟ್ಟುಕೊಳ್ಳಿ, ನಾನು ಬದಲಿಸುವುದಿಲ್ಲ.

ಒಂದು ಶನಿವಾರ ಡೋರೀನ್ ಚಹ ಮುಟ್ಟಲಿಲ್ಲ. ಕೈಯಲ್ಲೊಂದು ಫೈಲು. ಅವರ ಅಜ್ಜಿ ಏಡಾ ಮದುವೆಗೆ ಮುಂಚೆ ತಮ್ಮನಾದ ವಾಲ್ಟರ್‌ನ ಜೊತೆ ಕೆನಡಾದ ಬಯಲುಸೀಮೆಗೆ ಹೋಗಿದ್ದರಂತೆ. ಅಲ್ಲಿ ಸರ್ಕಾರ ಕೊಡುತ್ತಿದ್ದ ಜಮೀನು ಹಿಡಿದು ಗೋಧಿ ಬೆಳೆಯುವುದು ತಮ್ಮನ ಆಸೆ, ಅವನಿಗೆ ಬೇಯಿಸಿ ಹಾಕುವುದು ಅಕ್ಕನ ಪಾಲಿನ ಕೆಲಸ. ಮೂರು ಚಳಿಗಾಲ ಕಳೆದು ಏಡಾ ಕ್ರೋಯ್ಡನ್ನಿಗೆ ಮರಳಿದರು. ತಮ್ಮ ಅಲ್ಲೇ ಉಳಿದ, ದೊಡ್ಡ ರೈತನಾದ. ಈಗ ಅವನ ಮೊಮ್ಮಗ ಗಾರ್ಡನ್ ಮನೆತನದ ಇತಿಹಾಸ ಬರೆದು ಪುಸ್ತಕ ಮಾಡುತ್ತಿದ್ದಾರೆ. ಬರುವ ವಾರ ಅಚ್ಚಿಗೆ. ಏಡಾಳ ಬಗ್ಗೆ ಅದರಲ್ಲಿ ಒಂದೇ ವಾಕ್ಯ. ಡೋರೀನ್ ಓದಿದರು.

"'ಏಡಾ ಪಟ್ಟಣದಲ್ಲಿ ಚಿಪ್ಸ್ ಅಂಗಡಿ ನಡೆಸುತ್ತಿದ್ದರು, ಹೊಲದ ಕಷ್ಟ ಅವರಿಗೆ ಒಗ್ಗಲಿಲ್ಲ, ಬಿಟ್ಟು ಹೊರಟುಹೋದರು.' ನೋಡಪ್ಪ ಪವನ್, ಇಷ್ಟೇ! ಬಿಟ್ಟು ಹೊರಟುಹೋದರಂತೆ!"

"ಚಿಪ್ಸ್ ಅಂಗಡಿ ಸುಳ್ಳಾ?"

"ಅದು ನಿಜ. ನಾನೇ ಹೇಳಿದ್ದು. ಆ ಸೀಮೆಗೇ ಮೊದಲನೇ ಚಿಪ್ಸ್ ಅಂಗಡಿ ನಮ್ಮಜ್ಜೀದು ಅಂತ ನಮ್ಮಮ್ಮ ಕೊಚ್ಕೋತಿದ್ರು. ನಾನೂ ಹೆಮ್ಮೆಯಿಂದ ಬರೆದು ಕಳಿಸಿದೆ. ಅವನು ಅದನ್ನೇ ತಿರುಗಿಸಿ ನನಗೇ ಚುಚ್ಚಿದ್ದಾನೆ." ಅವರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. "ನನ್ನನ್ನ ಸಾಕಿದ್ದು ಅವರು. ಸಾಯೋವರೆಗೂ ಯಾವ ಕೆಲಸಾನೂ ಅರ್ಧಕ್ಕೆ ಬಿಟ್ಟವರಲ್ಲ."

ಫೈಲಿನಲ್ಲಿ ಏಡಾ ತನ್ನ ತಾಯಿಗೆ ಬರೆದ ಕಾಗದವೊಂದಿತ್ತು. ಅಂಗಡಿಯ ಸುದ್ದಿಯೆಲ್ಲ ಅದರಿಂದಲೇ ಬಂದದ್ದು. ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದ ಆಯಿ, "ದೊರಿಸಾನಿ ಯಾಕ ಅಳಾಕತ್ತಾಳ? ಏನೈತಿ ಆ ಕಾಗದದಾಗ?" ಅಂದಳು. ಊರು ಯಾವುದು ಎಂದು ಕೇಳಿದಾಗ ಸಸ್ಕ್ಯಾಚೆವಾನ್ ಎಂದೆ. "ಸಾಸ್ವಿ ಚವ್ಹಾಣ? ಚವ್ಹಾಣರು ಅಲ್ಲೀತನಕ ಹೋಗ್ಯಾರೇನು?" ಎಂದು ಬೆರಗಾದಳು. ನಾನು ಕಾಗದವನ್ನು ಅವಳಿಗೆ ಕನ್ನಡದಲ್ಲಿ ಓದಿದೆ. ಆ ದಿನ ಮಾತ್ರ ಒಂದಕ್ಷರ ಸುಳ್ಳು ಸೇರಿಸಲಿಲ್ಲ.

'ಇಲ್ಲಿ ದಿನವಿಡೀ ಚಿಪ್ಸ್‌ನದೇ ಕೆಲಸ. ಬಿಸಿಲಿರುವಾಗಲೇ ಸಾಕಷ್ಟು ಕೂಡಿಟ್ಟುಕೊಳ್ಳಬೇಕು. ಮಳೆ ಹಿಡಿದರೆ ಚಿಪ್ಸ್ ಇಲ್ಲ, ನಮಗೆಲ್ಲ ತಣ್ಣನೆಯ ಊಟವೇ. ಪಕ್ಕದ ಮನೆಯವಳ ಚಿಪ್ಸ್ ಬರೀ ಹೊಗೆ. ನನ್ನದು ಹಾಗಲ್ಲ, ನಾನು ಆರಿಸಿ ತರುತ್ತೇನೆ. ಎಷ್ಟು ತೊಳೆದರೂ ಕೈಯ ವಾಸನೆ ಹೋಗದು. ವಸಂತದಲ್ಲಿ ಮೇಬಲ್ ಜೊತೆ ವಾಲ್ಟರ್‌ನ ಮದುವೆ. ಈ ಒಂದು ಕೋಣೆಯಲ್ಲಿ ಇಬ್ಬರು ಹೆಂಗಸರಿಗೆ ಜಾಗವಿಲ್ಲ. ಮೇಬಲ್‌ಗೆ ಚಿಪ್ಸ್ ಕೆಲಸವೆಲ್ಲ ಕಲಿಸಿಕೊಟ್ಟು ನಾನು ಹೊರಡುತ್ತೇನೆ.'

"ಚಿಪ್ಸ್ ಅಂದ್ರ?"

"ಆಲೂಗಡ್ಡಿ ಕರದದ್ದು, ಆಯಿ. ಅಂಗಡಿ ಇಟ್ಟಿದ್ಲಂತ."

ಆಯಿಯ ಕೈ ಸೊಪ್ಪಿನ ಮೇಲೆ ನಿಂತಿತು. "ತಡಿ. ಮಳಿ ಬಂದ್ರ ಆಲೂಗಡ್ಡಿಗೆ ಏನಾಕ್ಕೈತಿ? ಕರಗ್ತಾವೇನು?"

"ಗಿರಾಕಿ ಬರಂಗಿಲ್ಲ."

"ಗಿರಾಕಿ ಬರಲಿಲ್ಲಂದ್ರ ಮನಿಮಂದಿ ಯಾಕ ತಣ್ಣಂದು ಉಣಬೇಕೋ? ಕೇಳು ಈಕೀನ, ಆ ಊರಾಗ ಗಿಡ ಅದಾವೇನು?"

ಕೇಳಿದೆ. ಡೋರೀನ್ ಕಣ್ಣೊರೆಸಿಕೊಂಡು, "ಒಂದೂ ಇರಲಿಲ್ಲವಂತೆ. ಕಣ್ಣಿಗೆ ಕಾಣೋವಷ್ಟು ದೂರ ಹುಲ್ಲು, ಅಷ್ಟೇ. ಮರ ಅಂದ್ರೆ ಅಜ್ಜಿಗೆ ಪ್ರಾಣ" ಅಂದರು.

"ಹಂಗಾರ ಒಲಿಗೆ ಏನು ಹಾಕ್ತಿದ್ರು?"

ಅನುವಾದಿಸಿದೆ. ಡೋರೀನ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಹುಚ್ಚಪ್ಪಗೋಳ್ರಾ," ಆಯಿ ಸೊಪ್ಪಿನ ತಾಟು ಪಕ್ಕಕ್ಕಿಟ್ಟಳು, "ಅದು ಕುಳ್ಳು! ಆಕೀದು ತಟ್ಟಿದ್ದಲ್ಲ, ಅಡವಿಕುಳ್ಳು. ದನ ಮೇಯ್ದಲ್ಲಿ ಬಿದ್ದು ತಾನ ಒಣಗಿರ್ತೈತಿ, ಆರಿಸಿ ತರಬೇಕು. ಮ್ಯಾಲೆ ಒಣಗಿದಂಗ ಕಂಡ್ರೂ ಒಳಗ ಹಸಿ ಇದ್ರ ಮನಿತುಂಬ ಹೊಗಿ. ಅದಕ್ಕ ಕಾಲಿಲೆ ಒದ್ದು ನೋಡಬೇಕು, ಹಿಂಗ." ಕೂತಲ್ಲಿಂದಲೇ ಕಾಲು ಚಾಚಿ ನಮ್ಮ ಕಾರ್ಪೆಟ್ಟನ್ನು ಹೆಬ್ಬೆರಳಿನಿಂದ ಒದ್ದು ತೋರಿಸಿದಳು. "ಹಗೂರ ಹಾರಿತು ಅಂದ್ರ ಒಲಿಗೆ. ಅಲ್ಲೇ ಕುಂತ್ರ ಇನ್ನೂ ಬಿಸಲಾಗ ಬಿಡು."

ಡೋರೀನ್ ನನ್ನ ತೋಳು ಹಿಡಿದರು. "ಏನಂತಾರಪ್ಪ?"

ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಇಷ್ಟು ವರ್ಷವಾದರೂ ನನ್ನ ನಾಲಿಗೆ ಆ ಶಾಲೆಯ ಹಾಲ್‌ನಲ್ಲೇ ನಿಂತಿತ್ತು. "ಅದು... ಒಂದು ರೀತಿಯ... ನೈಸರ್ಗಿಕ ಇಂಧನ" ಅಂದೆ.

ಆಯಿಗೆ ಇಂಗ್ಲಿಷ್ ಬಾರದಿರಬಹುದು, ನಾನು ಜಾರಿಕೊಳ್ಳುವ ದನಿ ಚೆನ್ನಾಗಿ ಗೊತ್ತು. "ಏನಂದಿ? ಮತ್ತ ಪಿಜ್ಜಾ ಅಂದೇನು?"

"ಸೆಗಣಿ, ಡೋರೀನ್" ಅಂದೆ. "ಒಣಗಿದ ದನದ ಸೆಗಣಿ. ನಿಮ್ಮಜ್ಜಿ ಅದನ್ನು ಆರಿಸಿ ತಂದು ಒಲೆ ಉರಿಸುತ್ತಿದ್ದರು. ಅಂಗಡಿಗಿಂಗಡಿ ಏನಿಲ್ಲ."

ನನ್ನ ಫೋನಿನಲ್ಲಿ ಹುಡುಕಿದೆ. ಆ ಬಯಲಿನ ಹಳಬರು ಒಣ ಸೆಗಣಿಗೆ ಚಿಪ್ಸ್ ಎನ್ನುತ್ತಿದ್ದದ್ದು ನಿಜವೇ. ಆಯಿಗೆ ತೋರಿಸಲು ಹೋದರೆ, "ಅದಕ್ಕೇನು ಗೊತ್ತು" ಎಂದು ಫೋನನ್ನು ಬದಿಗೆ ಸರಿಸಿದಳು.

ಡೋರೀನ್‌ಗೆ ಬೇಜಾರಾಯಿತೇನೋ ಎಂದುಕೊಂಡೆ. ಅವರು ತಮ್ಮ ಬಲಗೈಯನ್ನು ಮೂಗಿನ ಹತ್ತಿರ ತಂದರು. "ಅಜ್ಜಿ ಹೀಗೆ ಮಾಡ್ತಿದ್ರು. ಬೆಳಿಗ್ಗೆ ಒಲೆ ಹೊತ್ತಿಸಿದ ಮೇಲೆ. ನಮ್ಮದು ಕಲ್ಲಿದ್ದಲ ಒಲೆ. ಆದ್ರೂ ಕೈ ತೊಳೆದು ಮೂಸಿ ನೋಡೋರು. ದಿನಾ. ನಾನು ಅಣಕಿಸಿ ನಗ್ತಿದ್ದೆ." ಆಮೇಲೆ ತಣ್ಣಗಾದ ಚಹವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕುಕ್ಕಿದರು. "ಗಾರ್ಡನ್‌ಗೆ ಫೋನ್ ಮಾಡು."

ಮರುದಿನ ಮಧ್ಯಾಹ್ನ ವಿಡಿಯೋ ಕರೆ. ಗಾರ್ಡನ್‌ಗೆ ಅಲ್ಲಿ ಬೆಳಗು. ಬೆನ್ನ ಹಿಂದಿನ ಗೋಡೆಯ ಮೇಲೆ ಗೋಧಿ ಹೊಲದ ದೊಡ್ಡ ಚಿತ್ರ. ಇತ್ತ ಡೋರೀನ್ ನಡುವೆ, ಆಯಿ ಇಳಕಲ್ ಸೀರೆಯುಟ್ಟು ಒಂದು ಪಕ್ಕ, ನಾನು ಇನ್ನೊಂದು ಪಕ್ಕ.

"ತಮ್ಮ ಪಕ್ಕದಲ್ಲಿರುವ ಮಹನೀಯರು ಯಾರೆಂದು ತಿಳಿಯಬಹುದೇ?" ಅಂದರು ಗಾರ್ಡನ್.

"ತಜ್ಞರು" ಅಂದರು ಡೋರೀನ್.

ವಿಷಯ ಕೇಳಿ ಗಾರ್ಡನ್ ಗಂಟಲು ಸರಿಮಾಡಿಕೊಂಡರು. "ನಮ್ಮ ಮನೆತನದಲ್ಲಿ ಕಲ್ಲಿದ್ದಲನ್ನೇ ಉರಿಸುತ್ತಿದ್ದರೆಂಬುದು ತಾತನವರ ಕಾಲದಿಂದ ಬಂದ ತಿಳಿವಳಿಕೆ. ಇದು ಕುಟುಂಬದ ಆಂತರಿಕ ವಿಚಾರವೂ ಹೌದು. ಹೊರಗಿನವರ ಊಹೆಯನ್ನು ಆಧಾರವಾಗಿಟ್ಟುಕೊಂಡು..."

"ಆಧಾರ ಇದೆ. ಓದೋ ಪವನ್" ಎಂದು ಡೋರೀನ್ ಕಾಗದವನ್ನು ನನ್ನ ಕೈಗೆ ತುರುಕಿದರು.

ನಾನು ತಯಾರಾಗಿಯೇ ಬಂದಿದ್ದೆ. ಹಳೇ ಕಾಲದ ಇಂಗ್ಲಿಷ್ ಹೆಂಗಸಿನ ದನಿಯೊಂದನ್ನು ರಾತ್ರಿಯೇ ಪಾಲಿಶ್ ಮಾಡಿಟ್ಟಿದ್ದೆ. ಬೆಳ್ಳಿ ಚಮಚೆಯಿಂದ ಕಲಕಿದಂಥ ದನಿ. ಮೊದಲ ಸಾಲು ಓದುವಷ್ಟರಲ್ಲಿ ಡೋರೀನ್ ಮೊಣಕೈಯಿಂದ ತಿವಿದರು. "ಯಾರಪ್ಪ ಇದು? ನಮ್ಮಜ್ಜಿ ಅರಮನೆಯಲ್ಲಿ ಇರಲಿಲ್ಲ!"

ಓದು ನಿಲ್ಲಿಸಿದೆ. ನನ್ನ ಬಳಿ ಲಿಫ್ಟಿನ ದನಿಯಿದೆ, ಜಿಪಿಯ ದನಿಯಿದೆ, ಅಪ್ಪನದು ಎರಡೆರಡಿದೆ. ಆದರೆ ಬಯಲಿನಲ್ಲಿ ಸೆಗಣಿ ಆರಿಸಿ ಉಡಿಯಲ್ಲಿ ಹೊತ್ತ ಹೆಂಗಸಿನ ದನಿ ಇರುವುದು ಒಂದೇ. ಅದರಲ್ಲೇ ಓದಿದೆ. ಇಂಗ್ಲಿಷ್ ಏಡಾಳದು, ಕಂಠ ಸಿಂದಗಿಯದು. ಚಿಪ್ಸ್ ಅನ್ನುವುದು ಚಿಪ್ಸು ಆಯಿತು. ಸಾಲಿನ ಕೊನೆಯೆಲ್ಲ ಪ್ರಶ್ನೆಯ ಹಾಗೆ ಮೇಲೆದ್ದು, ಯಾರಿದ್ದೀರಿ ಎದುರಾಡಿ ನೋಡೋಣ ಅನ್ನುವಂತೆ ನಿಂತಿತು. ಆಯಿಗೆ ತನ್ನ ದನಿಯ ಗುರುತು ಹತ್ತಿತು. ಇದುವರೆಗೆ ಅವಳನ್ನು ಅಣಕಿಸಿದಾಗಲೆಲ್ಲ ನಕ್ಕವಳು ಈ ಸಲ ನಗಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಗಾರ್ಡನ್ ಕೂಡ ನಗಲಿಲ್ಲ. "ಆಗಲಿ. 'ಸ್ಥಳೀಯವಾಗಿ ದೊರೆಯುತ್ತಿದ್ದ ಇಂಧನವನ್ನು ಸಂಗ್ರಹಿಸುವಲ್ಲಿ ನೆರವಾದರು' ಎಂದು ತಿದ್ದೋಣ."

"ಸೆಗಣಿ" ಅಂದರು ಡೋರೀನ್.

"ಪುಸ್ತಕವನ್ನು ಮಕ್ಕಳೂ ಓದುತ್ತಾರೆ..."

"ಓದಲಿ. ಸೆಗಣಿ ಅಂತ ಬರಿ. ಆಗಲ್ಲ ಅಂದ್ರೆ ನಮ್ಮಜ್ಜಿಯ ಹೆಸರೇ ತೆಗಿ. ಚಿಪ್ಸ್ ಅಂಗಡಿಯವಳು, ಓಡಿಹೋದವಳು ಅನ್ನಿಸಿಕೊಂಡು ಆ ಪುಸ್ತಕದಲ್ಲಿ ಅವರು ಇರೋದು ಬೇಡ."

"ಏನಂತಾನ ಅಂವ?" ಎಂದಳು ಆಯಿ. ಹೇಳಿದೆ. ಅವಳು ಪರದೆಯತ್ತ ಬಗ್ಗಿ, ಗಾರ್ಡನ್‌ಗೆ ಕನ್ನಡ ಬರುತ್ತದೆಂಬ ಧೈರ್ಯದಲ್ಲೇ ಕೇಳಿದಳು: "ಯಪ್ಪಾ, ಆ ಮೇಬಲ್ ಅನ್ನಾಕಿ ನಿನಗೇನಾಗಬೇಕು?"

ಅನುವಾದಿಸಿದೆ. ಗಾರ್ಡನ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಮೇಬಲ್ ಅವರ ಅಜ್ಜಿ.

"ಆಕಿಗೆ ಎಲ್ಲಾ ಕಲಿಸಿಕೊಟ್ಟು ಬಂದಾಳ ಈಕಿ. ಬಿಟ್ಟು ಹ್ವಾದಾಕಿ ಕಲಿಸಾಕ ಕೂಡ್ತಾಳೇನು? ನಿಮ್ಮಜ್ಜಿ ಒದ್ದು ನೋಡತಿದ್ಲಿಲ್ಲೋ, ನೆನಪು ಮಾಡ್ಕೋ." ಮತ್ತೆ ಕಾಲು ಚಾಚಿದಳು. ಕ್ಯಾಮೆರಾದಲ್ಲಿ ಕಾಲು ಕಾಣುವುದಿಲ್ಲವಲ್ಲ. ನಾನೇ ಎದ್ದು ನಿಂತು ಒದ್ದು ತೋರಿಸಿದೆ.

ಇಲ್ಲಿಂದ ಮುಂದೆ ಗಾರ್ಡನ್‌ಗೆ ಅಧ್ಯಕ್ಷರ ಕನ್ನಡ ಒಪ್ಪುವುದಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಒದೀತಿದ್ಲು" ಅಂದರು. "ಮುದುಕಿ ಆದ್ಮೇಲೂ. ದನದ ಜಾಗದಲ್ಲಿ ನಡೀತಾ ಬೂಟಿನ ತುದೀಲಿ ಒಂದೊಂದನ್ನೇ ಒದ್ದು ನೋಡೋಳು. ಮನೇಲಿ ಗ್ಯಾಸ್ ಬಂದಿತ್ತು. ತಲೆ ಕೆಟ್ಟಿದೆ ಅಂತ ನಾವು ಹುಡುಗ್ರೆಲ್ಲ ಅವಳ ಹಿಂದೆ ಒದೀತಾ ಹೋಗ್ತಿದ್ವಿ. ಅಣಕ ಮಾಡ್ತಾ."

ಹಾಗಾದರೆ ನನ್ನ ಕಸುಬಿನವರು ಸಸ್ಕ್ಯಾಚೆವಾನಿನಲ್ಲೂ ಇದ್ದಾರೆ.

ಕಳೆದ ವಾರ ತಿದ್ದಿದ ಪುಟ ಬಂತು. 'ಮೂರು ಚಳಿಗಾಲ ಏಡಾ ಬಯಲಿನಿಂದ ದನದ ಸೆಗಣಿ ಆರಿಸಿ ತಂದು ತಮ್ಮನ ಒಲೆ ಆರದ ಹಾಗೆ ನೋಡಿಕೊಂಡಳು. ಆ ಕೆಲಸವನ್ನು ಮೇಬಲ್‌ಗೆ ಕಲಿಸಿ ಊರಿಗೆ ಮರಳಿದಳು.' ಡೋರೀನ್ ಮೂರು ಸಲ ಓದಿ, ಇನ್ನು ಶೋಕೇಸಿನಲ್ಲಿರುವ ಏಡಾಳ ಫೋಟೋ ಪಕ್ಕದಲ್ಲಿ ಒಂದು ಚಿಪ್ ಇಡಲೇಬೇಕು, ಎಲ್ಲಿ ಸಿಗುತ್ತೆ ನೋಡು ಅಂದರು. ಆಯಿ ನನ್ನನ್ನು ಕಣ್ಣಲ್ಲೇ ಅಳೆದಳು.

"ಹೆಂಡಿ ಅಂತನ ಬರದಾನಿಲ್ಲೋ?"

"ಹೌದು ಆಯಿ."

"ನೀ ಖರೇ ಓದಿದಿಲ್ಲೋ?"

"ನಿನ್ನಾಣೆ."

ಆ 'ಚಿಪ್' ತರಲೆಂದೇ ಇವತ್ತಿನ ಪೊಟ್ಟಣ. ಆಯಿ ಇದನ್ನು ನೋಡಿ ಏನೆನ್ನುತ್ತಾಳೆಂದು ಈಗಲೇ ಗೊತ್ತು: ಇದರ ಮೇಲೆ ಬೆರಳೇ ಇಲ್ಲ, ಮಷೀನಿಂದು, ಇದಕ್ಕಿಂತ ನೀ ಶಾಲ್ಯಾಗ ತಟ್ಟಿದ್ದ ಛಲೋ ಇತ್ತು. ಇರಲಿ. ನೆಲದಡಿಯ ಟ್ಯೂಬ್ ಬದಲಿಸಿ, ರೈಲು ಬದಲಿಸಿ, ಕೊನೆಗೆ ಟ್ರಾಮ್ ಹತ್ತಿದೆ. ಅದೇ ಟ್ರಾಮ್, ಅದೇ ದಾರಿ. ತೊಡೆಯ ಮೇಲೆ ಜೋಳದ ಹಿಟ್ಟು, ಅದರ ಮೇಲೆ ಕುಳ್ಳು. ಪಕ್ಕದಲ್ಲಿ ಸೂಟು ಹಾಕಿದ ಒಬ್ಬರು ಬಾರಿಬಾರಿ ಪೊಟ್ಟಣ ನೋಡಿದರು. ಕಡೆಗೆ ತಡೆಯಲಾರದೆ ಕೇಳಿದರು, "ಚೆನ್ನಾಗಿ ಕಾಣುತ್ತೆ. ಏನಿದು, ಓಟ್ಸ್ ಬಿಸ್ಕತ್ತಾ?"

ಬಾಯಿ ತುಂಬ ಉತ್ತರಗಳಿದ್ದವು, ಹತ್ತು ದನಿಗಳಲ್ಲಿ.

"ಸೆಗಣಿ" ಅಂದೆ. ಟ್ರಾಮಿನ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ. "ದನದ ಸೆಗಣಿ. ನಮ್ಮ ಅಜ್ಜಿ ತಟ್ಟುತ್ತಿದ್ದಳು."

ಅವರು ಎದ್ದು ಮುಂದಿನ ಬಾಗಿಲ ಹತ್ತಿರ ಹೋಗಿ ನಿಂತರು. ಖಾಲಿಯಾದ ಸೀಟಿನ ಮೇಲೆ, ಚೀಟಿ ಎಲ್ಲರಿಗೂ ಕಾಣುವ ಹಾಗೆ, ಪೊಟ್ಟಣವನ್ನು ಕೂರಿಸಿದೆ.